ಟಕ್ ಟಕ್ ಮಂಡಿ

ಬೆಳಗ್ಗೆ ಕೀನ್ಯಾದ ಮಸಾಯಿ ಮಾರಾ ಕಾಡಿನಲ್ಲಿ ಜೀಪ್ ಆಫ್ ಮಾಡಿ ಕೂತಿದ್ದೆವು. ಎಲ್ಲರಿಗೂ ಸಿಂಹ ಬೇಕು. ಬಂದಿದ್ದು ಒಂಟಿ ಗಂಡು ಎಲಾಂಡ್.

ಹುಲ್ಲೆ ಅಂದರೆ ನಂಬೋದೇ ಕಷ್ಟ. ಊರಿನ ಎತ್ತಿನ ಹಾಗೆ ಗಂಗೆದೊಗಲು ಜೋತಾಡುತ್ತಿತ್ತು. 900 ಕೆಜಿವರೆಗೂ ತೂಗುತ್ತವಂತೆ! ಮಳೆ ಬಂದಾಗ ಬಯಲಲ್ಲಿ ಹುಲ್ಲು, ಬೇಸಿಗೆಗೆ ಕುರುಚಲು ಕಾಡಿನ ಎಲೆ.

ಹತ್ತಿರ ಬಂದಾಗ ಕೇಳಿಸಿತು. ಟಕ್... ಟಕ್... ಯಾರೋ ಬೆರಳಿನ ನೆಟಿಕೆ ಮುರಿದ ಹಾಗೆ. ಹೆಜ್ಜೆಗೊಂದು.

ಮುಂಗಾಲಿನ ಮಂಡಿಯಲ್ಲಿ ಸ್ನಾಯುವಿನ ಹುರಿ ಮೂಳೆ ಮೇಲೆ ಜಾರುವ ಸದ್ದಂತೆ. ಗಂಡು ದೊಡ್ಡದಾದಷ್ಟೂ ಸದ್ದು ದಪ್ಪ. ಜಗಳಕ್ಕೆ ಮೊದಲೇ ಎದುರಾಳಿಗೆ ಗೊತ್ತಾಗಲಿ ಅಂತ, ಅಲ್ವಾ?

ಮೆಟ್ಟಿಲು ಹತ್ತುವಾಗ ನನ್ನ ಮಂಡಿಯೂ ಹೀಗೇ ಟಕ್ ಅನ್ನುತ್ತದೆ. ಇದುವರೆಗೆ ಯಾರೂ ಹೆದರಿಲ್ಲ. ಎಣ್ಣೆ ಹಚ್ಚಿಕೋ ಅಂತಾರೆ, ಅಷ್ಟೇ.