ಎಂಆರ್ ಬ್ಯಾಗು, ಫೋನಿನ ಮ್ಯಾಪು, ಜಯನಗರದ ಕ್ರಾಸ್‌ಗಳು

ನಾನು ಮೆಡಿಕಲ್ ರೆಪ್, ಅಂದರೆ ಎಂಆರ್. ಔಷಧಿ ಕಂಪನಿಯ ಪರವಾಗಿ ಡಾಕ್ಟರುಗಳನ್ನು ಭೇಟಿಯಾಗುವ ಕೆಲಸ. ಬೆಂಗಳೂರಿನ ದಕ್ಷಿಣ ಭಾಗ ನನ್ನ ಏರಿಯಾ: ಜಯನಗರ, ಬನಶಂಕರಿ, ಜೆ.ಪಿ. ನಗರ, ಅತ್ತ ಕತ್ರಿಗುಪ್ಪೆವರೆಗೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರೆ ರಾತ್ರಿ ಕ್ಲಿನಿಕ್‌ಗಳು ಬಾಗಿಲು ಹಾಕುವವರೆಗೂ ಓಡಾಟವೇ. ತಂತ್ರಜ್ಞಾನದಿಂದ ಟೈಮ್ ಉಳಿಯುತ್ತದಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಫೋನಿನಲ್ಲಿರೋ ಮ್ಯಾಪ್.

ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮಳೆ ಬಂದು ಸಿಗ್ನಲ್‌ಗಳಲ್ಲಿ ಗಾಡಿಗಳು ಕಟ್ಟಿಕೊಂಡಾಗ, ರಾತ್ರೋರಾತ್ರಿ ರಸ್ತೆ ಅಗೆದು ದಾರಿ ತಿರುಗಿಸಿದಾಗ, ಮ್ಯಾಪ್ ಇಲ್ಲದೆ ನನ್ನ ಕೆಲಸ ಸಾಗುವುದಿಲ್ಲ. ಮುಂದೆ ಕೆಂಪು ಗೆರೆ ಕಂಡರೆ ಒಳರಸ್ತೆಗೆ ಇಳಿದುಬಿಡುತ್ತೇನೆ.

ಆದರೆ ಹೊಸದಾಗಿ ಸೇರುವ ಹುಡುಗರಿಗೆ ಏರಿಯಾ ತೋರಿಸುವಾಗ ಬೇರೆಯೇ ಒಂದು ವಿಷಯ ಕಾಣುತ್ತದೆ. ಚುರುಕಾದ ಹುಡುಗರು. ಯಾವ ಡಾಕ್ಟರ್ ಹೆಸರು ಹೇಳಿದರೂ ಲೊಕೇಶನ್ ಹಾಕಿಕೊಂಡು ಹೋಗಿಬರುತ್ತಾರೆ. ಅವರಲ್ಲೊಬ್ಬ ಬೆಳಿಗ್ಗೆ ಜಯನಗರ 4ನೇ ಬ್ಲಾಕಿನಲ್ಲಿ ಒಬ್ಬ ಡಾಕ್ಟರನ್ನು ನೋಡಿದ. ಅಲ್ಲಿಂದ ಬನಶಂಕರಿಗೆ ಹೋದ. ಮತ್ತೆ 4ನೇ ಬ್ಲಾಕಿಗೇ ಬಂದ. ಎರಡನೇ ಕ್ಲಿನಿಕ್ ಇದ್ದದ್ದು ಮೊದಲನೆಯದರ ಹಿಂದಿನ ಕ್ರಾಸ್‌ನಲ್ಲಿ. ಒಂದರ ಮಹಡಿ ಮೆಟ್ಟಿಲ ಮೇಲೆ ನಿಂತರೆ ಇನ್ನೊಂದರ ನೀರಿನ ಟ್ಯಾಂಕ್ ಕಾಣುತ್ತದೆ. ಅವನು ಒಂದು ಸಲ ಈ ಕಡೆಯಿಂದ ಬಂದಿದ್ದ, ಇನ್ನೊಂದು ಸಲ ಆ ಕಡೆಯಿಂದ. ಎರಡೂ ಅಕ್ಕಪಕ್ಕ ಅಂತ ಹೊಳೆಯಲೇ ಇಲ್ಲ. ಮ್ಯಾಪ್ ಪ್ರತಿ ಸಲವೂ ಸರಿಯಾದ ದಾರಿಯನ್ನೇ ತೋರಿಸಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ಪಕ್ಕದಲ್ಲೇ ಇನ್ನೊಬ್ಬರಿದ್ದಾರೆ ನೋಡಪ್ಪಾ ಅಂತ ಹೇಳುವುದು ಅದರ ಕೆಲಸ ಅಲ್ಲ ಅಲ್ವಾ?

ನಾವು ಸೇರಿದಾಗ ಊರು ಕಲಿಯದೆ ಗತಿ ಇರಲಿಲ್ಲ. ನನ್ನ ಸೀನಿಯರ್ ಮೊದಲು ಹೇಳಿಕೊಟ್ಟದ್ದೇ ಇದನ್ನು: ಜಯನಗರದಲ್ಲಿ ಮೇನ್‌ಗಳು ಉತ್ತರ-ದಕ್ಷಿಣ, ಕ್ರಾಸ್‌ಗಳು ಪೂರ್ವ-ಪಶ್ಚಿಮ. ಇಷ್ಟು ಗೊತ್ತಿದ್ದರೆ '11ನೇ ಮೇನ್, 30ನೇ ಕ್ರಾಸ್' ಅನ್ನುವ ವಿಳಾಸದಲ್ಲೇ ದಾರಿ ಇರುತ್ತದೆ. ಮೇನ್ ಹಿಡಿ, ಕ್ರಾಸ್ ನಂಬರ್ ಏರುತ್ತಿದೆಯಾ ಇಳಿಯುತ್ತಿದೆಯಾ ನೋಡು, ಸಾಕು. ನಂಬರ್ ಕೈಕೊಟ್ಟ ಕಡೆ ಸೌತ್ ಎಂಡ್ ಸರ್ಕಲ್, ಮಾಧವನ್ ಪಾರ್ಕ್, ಅಶೋಕ ಪಿಲ್ಲರ್, ರಾಗಿಗುಡ್ಡ, ಇವೇ ಗುರುತು. ಅದೂ ಆಗದಿದ್ದರೆ ಮೂಲೆಯ ಮೆಡಿಕಲ್ ಶಾಪ್. ಅಲ್ಲಿ ದಾರಿ ಕೇಳಿದರೆ, 'ಡಾಕ್ಟರು ಗುರುವಾರ ಬರಲ್ಲ, ಸುಮ್ನೆ ಹೋಗ್ಬೇಡಿ' ಅನ್ನುವ ಮಾತೂ ಜೊತೆಗೆ ಸಿಗುತ್ತಿತ್ತು. ಆ ಒಂದು ಮಾತಿನಿಂದ ಅರ್ಧ ದಿನ ಉಳಿಯುತ್ತಿತ್ತು.

ಲಂಡನ್ನಿನ ಟ್ಯಾಕ್ಸಿ ಡ್ರೈವರ್‌ಗಳ ಬಗ್ಗೆ ಓದಿದಾಗ ನನಗೆ ತುಂಬಾ ಖುಷಿಯಾಗಿತ್ತು. ಅಲ್ಲಿ ಕಪ್ಪು ಟ್ಯಾಕ್ಸಿ ಓಡಿಸಬೇಕಾದರೆ 'ದಿ ನಾಲೆಜ್' ಅನ್ನುವ ಪರೀಕ್ಷೆ ಪಾಸಾಗಬೇಕು. 1865ರಿಂದ ಇರುವ ಪರೀಕ್ಷೆ ಅದು. ಚೇರಿಂಗ್ ಕ್ರಾಸ್‌ನಿಂದ ಸುತ್ತ 6 ಮೈಲಿಯೊಳಗಿನ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ಕಲಿಯುವವರು ಮೊಪೆಡ್ ಹ್ಯಾಂಡಲ್‌ಗೆ ಮ್ಯಾಪ್ ಸಿಕ್ಕಿಸಿಕೊಂಡು ವರ್ಷಗಟ್ಟಲೆ ಗಲ್ಲಿಗಲ್ಲಿ ಸುತ್ತುತ್ತಾರೆ. ಎಲಿನರ್ ಮಗ್ವಾಯರ್ ಅನ್ನುವ ವಿಜ್ಞಾನಿಯ ತಂಡ ಈ ಡ್ರೈವರ್‌ಗಳ ಮೆದುಳನ್ನು ಸ್ಕ್ಯಾನ್ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿತು. ಜಾಗಗಳನ್ನು ನೆನಪಿಡಲು ಬೇಕಾದ ಹಿಪೊಕ್ಯಾಂಪಸ್‌ನ ಹಿಂಭಾಗ ಅವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. 2011ರಲ್ಲಿ ಇನ್ನೊಂದು ಅಧ್ಯಯನ ಬಂತು. ಪರೀಕ್ಷೆಗೆ ಓದುತ್ತಿದ್ದ 79 ಜನರಲ್ಲಿ ಪಾಸಾದವರು 39. ಆ ಭಾಗ ಬೆಳೆದದ್ದು ಪಾಸಾದವರಲ್ಲಿ ಮಾತ್ರ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ನಡುವೆ, 2006ರಲ್ಲಿ, ಬಂದ ಅಧ್ಯಯನ. ಅದರಲ್ಲಿ ಟ್ಯಾಕ್ಸಿಯವರನ್ನು ಲಂಡನ್ ಬಸ್ ಡ್ರೈವರ್‌ಗಳ ಜೊತೆ ಹೋಲಿಸಿದ್ದರು. ಅದೇ ಊರು, ಅದೇ ಟ್ರಾಫಿಕ್, ಅಷ್ಟೇ ಟೆನ್ಷನ್. ಆದರೆ ಆ ಭಾಗ ದೊಡ್ಡದಿದ್ದದ್ದು ಟ್ಯಾಕ್ಸಿಯವರಲ್ಲಿ. ಬಸ್ಸಿನವರದ್ದು ಯಾರೋ ಹಾಕಿಕೊಟ್ಟ ರೂಟ್. ಮ್ಯಾಪ್ ತೋರಿಸುವ ನೀಲಿ ಗೆರೆ ಹಿಡಿದು ಸ್ಕೂಟರ್ ಓಡಿಸುವಾಗ ನಾವೂ ಹಾಗೇ ಅಲ್ವಾ ಅಂತ ನನಗೆ ಅನಿಸುತ್ತದೆ. ನಮ್ಮ ರೂಟ್ ದಿನಾ ಬದಲಾಗುತ್ತದೆ, ಅಷ್ಟೇ.

ದಿನದ ಭೇಟಿಗಳ ಕ್ರಮವನ್ನೂ ಆಪ್‌ಗೇ ಬಿಡೋಣ ಅಂತ ಹುಡುಗರು ಹೇಳುತ್ತಾರೆ. ಬಿಡಬಹುದು, ದೂರದ ಲೆಕ್ಕ ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಮಕ್ಕಳ ಡಾಕ್ಟರ ಹತ್ತಿರ ಎಷ್ಟು ರಶ್ ಇರುತ್ತದೆ, ಯಾರು ಕೊನೆಯ ಪೇಷಂಟ್ ಹೋದ ಮೇಲೆ ಮಾತ್ರ ನಮ್ಮ ಮುಖ ನೋಡುತ್ತಾರೆ, ಇದೆಲ್ಲ ಅದಕ್ಕೆ ಹೇಳುವವರು ಯಾರು?

ಈಗ ನಾನು ಹೊಸಬರಿಂದ ಒಂದು ಕೆಲಸ ಮಾಡಿಸುತ್ತೇನೆ. ಹೊರಡುವ ಮುಂಚೆ ಮ್ಯಾಪನ್ನು ಚಿಕ್ಕದು ಮಾಡಿ ಇಡೀ ಏರಿಯಾ ನೋಡಬೇಕು. ಆ ದಿನದ ಕ್ಲಿನಿಕ್‌ಗಳನ್ನೆಲ್ಲ ಟೂರ್ ಪ್ಲಾನ್ ಹಾಳೆಯ ಹಿಂದೆ ಕೈಯಲ್ಲೇ ಗುರುತು ಹಾಕಬೇಕು. ಆಮೇಲೆ ಫೋನ್ ಜೇಬಿಗೆ. ಟ್ರಾಫಿಕ್ ನೋಡಲು ತೆಗೆದರೆ ಅಡ್ಡಿಯಿಲ್ಲ. ಬರುವಾಗ ಹೋದ ದಾರಿ ಬಿಟ್ಟು ಇನ್ನೊಂದು ಕ್ರಾಸ್ ಹಿಡಿಯಬೇಕು. ಮೊದಮೊದಲು ತಡವಾಗುತ್ತದೆ, 'ಎಲ್ಲಿದ್ದೀಯಾ' ಅಂತ ಮ್ಯಾನೇಜರ್ ಫೋನೂ ಬರುತ್ತದೆ. ಅದನ್ನು ನನಗೆ ಕೊಡು, ನಾನು ಮಾತಾಡ್ತೀನಿ ಅಂತ ಹೇಳಿದ್ದೇನೆ.