ಒಂದೇ ಟ್ರಿಪ್ಪಿಗೆ ಹಿಡಿಸಿದ ಗಾಡಿ

ಮೇ 24, 2025, ಶನಿವಾರ
ಕುಂಜಿಬೆಟ್ಟು, ಉಡುಪಿ. ರಾತ್ರಿ 10.30

ಅಪ್ಪನ ಕಪಾಟು ಒಂದು ಗೀರೂ ಇಲ್ಲದೆ ಹೊಸ ಮನೆಗೆ ಬಂದು ನಿಂತಿದೆ. ಇವತ್ತಿನ ದಿನಚರಿಯಲ್ಲಿ ಮೊದಲು ಇದನ್ನೇ ಬರೆಯಬೇಕು ಅನ್ನಿಸಿತು. ಹಾಸಿಗೆಗಳು ಒದ್ದೆಯಾಗಿಲ್ಲ. ಅಮ್ಮನ ಉಪ್ಪಿನಕಾಯಿ ಭರಣಿ ಆರಕ್ಕೆ ಆರೂ ಸರಿ ಇವೆ. ಹೊರಗೆ ಮಳೆ. ಮುಂಗಾರು ಇವತ್ತೇ ಕೇರಳಕ್ಕೆ ಬಂತು ಎಂದು ಸುದ್ದಿಯಲ್ಲಿ ಹೇಳಿದರು. ಜೂನ್ 1ಕ್ಕೆ ಬರಬೇಕಾದದ್ದು ಎಂಟು ದಿನ ಮೊದಲೇ ಬಂದಿದೆ. ನಾವು ಮಂಗಳೂರಿನಿಂದ ಉಡುಪಿಗೆ ಮನೆ ಬದಲಿಸಿದ್ದೂ ಇವತ್ತೇ.

ಬೇರೆ ದಿನ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ತುಂಬಾ ಜನ ಕೇಳಿದರು. ಆಗುತ್ತಿರಲಿಲ್ಲ. ತಿಂಗಳ ಕೊನೆಗೆ ಮಗನ ಶಾಲೆ ಶುರು. ನಾನು ಉಡುಪಿಯ ಆಫೀಸಿಗೆ ಸೋಮವಾರವೇ ಹೋಗಬೇಕು. ಜುಲೈ ಮಧ್ಯಕ್ಕೆ ತುಳುವರ ಆಟಿ ತಿಂಗಳು ಬರುತ್ತದೆ, ಅದು ಶುಭಕಾರ್ಯಕ್ಕೆ ಆಗದ ತಿಂಗಳು, ಆಟಿಯಲ್ಲಿ ಮನೆ ಬದಲಿಸಲು ಅಮ್ಮ ಒಪ್ಪುವುದೇ ಇಲ್ಲ. ಹಾಲು ಉಕ್ಕಿಸುವ ಶಾಸ್ತ್ರವನ್ನು ಗುರುವಾರವೇ ಬಂದು ಮುಗಿಸಿದ್ದೆವು. ಇವತ್ತು ಬರೀ ಸಾಮಾನು.

ಬರೀ ಸಾಮಾನು ಎಂದು ಬರೆದೆ, ಆದರೆ ಒಂದು ತಿಂಗಳಿನಿಂದ ನನ್ನ ತಲೆಯಲ್ಲಿದ್ದದ್ದು ಅದೇ. ಎಷ್ಟು ದೊಡ್ಡ ಗಾಡಿ ಬೇಕು?

2018ರಲ್ಲಿ ಮಂಗಳೂರಿನೊಳಗೇ ಜೆಪ್ಪುವಿನಿಂದ ಬಿಜೈ ಕಾಪಿಕಾಡಿಗೆ ಬಂದದ್ದು ಮರೆತಿಲ್ಲ. ಆಗ ಗಾಡಿ ಮಾಡಿಸಿಕೊಟ್ಟವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ರೂಮಿನ ಮನೆ?" ಎರಡು ರೂಮು ಎಂದೆ. "ಸಣ್ಣ ಟೆಂಪೊ ಸಾಕು, ಎರಡು ಟ್ರಿಪ್ಪಿನಲ್ಲಿ ಮುಗಿಯುತ್ತದೆ" ಎಂದರು. ಮುಗಿಯಲಿಲ್ಲ. ಮೂರನೇ ಟ್ರಿಪ್ಪಿಗೆ ಸಂಜೆಯಾಯಿತು, ಮಳೆ ಬಂತು, ಟರ್ಪಾಲು ಇರಲಿಲ್ಲ. ಹತ್ತಿಯ ಹಾಸಿಗೆ ನೀರು ಕುಡಿದು ಎತ್ತಲಾಗದಷ್ಟು ಭಾರವಾಯಿತು. ಜಾಗ ಸಾಲದೆ ಕಪಾಟನ್ನು ಅಡ್ಡ ಮಲಗಿಸಿದ್ದರು, ಅದರ ಮೇಲೆ ಮಂಚದ ಹಲಗೆ. ಕಪಾಟಿನ ಕನ್ನಡಿ ಒಡೆಯಿತು. ಅದು ನನ್ನ ಮದುವೆಗೆ ಅಪ್ಪ ಕೊಡಿಸಿದ ಕಪಾಟು. ಆ ಹೊತ್ತಿಗೆ ಅಪ್ಪ ಇರಲಿಲ್ಲ. ಕನ್ನಡಿ ಹೊಸದು ಹಾಕಿಸಿದ್ದೇವೆ, ಆದರೂ ಅದರ ಮುಂದೆ ನಿಂತಾಗಲೆಲ್ಲ ಆ ಸಂಜೆ ನೆನಪಾಗುತ್ತದೆ.

ಹಾಗಾಗಿ ಈ ಸಲ ರೂಮು ಎಣಿಸಲಿಲ್ಲ. ಟೇಪು ಹಿಡಿದು ಸಾಮಾನನ್ನೇ ಅಳೆದೆ. ಉದ್ದ, ಅಗಲ, ಎತ್ತರ ಅಡಿಯಲ್ಲಿ ಬರೆದು ಗುಣಿಸಿದರೆ ಘನ ಅಡಿ ಬರುತ್ತದೆ. ಮಗ ನೋಟ್‌ಬುಕ್ ಹಿಡಿದು ಕೂತ. ಕಪಾಟು ಆರೂವರೆ ಅಡಿ ಎತ್ತರ, 3 ಅಡಿ ಅಗಲ, ಒಂದೂವರೆಗಿಂತ ಸ್ವಲ್ಪ ಜಾಸ್ತಿ ಆಳ. 31 ಘನ ಅಡಿ. ಫ್ರಿಜ್ 22. ವಾಷಿಂಗ್ ಮೆಷಿನ್ 12. ಎರಡು ಮಂಚ ಬಿಚ್ಚಿದ ಮೇಲೆ 30, ಎರಡು ಹಾಸಿಗೆ 32. ಊಟದ ಮೇಜು ಕುರ್ಚಿ 30. ಹೊಲಿಗೆ ಮೆಷಿನ್, ಟಿವಿ ಸೇರಿ 15. ಅಡುಗೆಮನೆಯ ಹಂಡೆ, ಡಬ್ಬ, ಕುಚ್ಚಲಕ್ಕಿ ಗೋಣಿ ಎಲ್ಲ 25. ಹೂವಿನ ಕುಂಡಗಳು 15. ಸೋಫಾ ಒಂದೇ 49! ಮನೆಯಲ್ಲಿ ಅಷ್ಟು ದೊಡ್ಡದು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಮತ್ತೆ ರಟ್ಟಿನ ಪೆಟ್ಟಿಗೆಗಳು. ಒಂದೂವರೆ ಅಡಿ ಚೌಕದ ಪೆಟ್ಟಿಗೆ ಒಂದಕ್ಕೆ ಸುಮಾರು 3.4 ಘನ ಅಡಿ. ನನ್ನ ಗಂಡ 20 ಪೆಟ್ಟಿಗೆ ಸಾಕು ಎಂದಿದ್ದರು, ಕೊನೆಗೆ 34 ಆಯಿತು. ಅದೇ 115. ಜನ ಲೆಕ್ಕ ತಪ್ಪುವುದು ಇಲ್ಲೇ. ಕಪಾಟು, ಮಂಚ ಕಣ್ಣಿಗೆ ಕಾಣುತ್ತವೆ. ಕಪಾಟಿನ ಒಳಗಿರುವುದು, ಅಟ್ಟದ ಮೇಲಿರುವುದು, ಬಾಗಿಲ ಹಿಂದೆ ಇರುವುದು ಕಾಣುವುದಿಲ್ಲ.

ಎಲ್ಲ ಕೂಡಿಸಿದರೆ 376. ಆದರೆ ಸಾಮಾನು ಇಟ್ಟಿಗೆಯ ಹಾಗೆ ಕೂರುವುದಿಲ್ಲ, ಅಲ್ವಾ? ನಡುವೆ ಸಂದು ಉಳಿದೇ ಉಳಿಯುತ್ತದೆ. ಅದಕ್ಕೆ ಐದರಲ್ಲೊಂದು ಪಾಲು ಜಾಸ್ತಿ ಹಿಡಿದೆ. 451.

ಇನ್ನು ಗಾಡಿಗಳು. ನಮ್ಮಲ್ಲಿ ಗಾಡಿ ಬಾಡಿಗೆಗೆ ತೆಗೆದುಕೊಂಡರೆ ಡ್ರೈವರೂ ಬರುತ್ತಾರೆ. ಹಾಗಾಗಿ ನಾವು ಕೇಳುವುದು ಬಾಡಿಗೆ ಎಷ್ಟು ಎಂದು ಮಾತ್ರ. ಬಾಡಿಯ, ಅಂದರೆ ಸಾಮಾನು ಪೇರಿಸುವ ಭಾಗದ, ಒಳಅಳತೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಾನು ಕೇಳಿದೆ. ಛೋಟಾ ಹಾಥಿ ಎನ್ನುವ ಟಾಟಾ ಏಸ್ 2005ರಲ್ಲಿ ಬಂದದ್ದು. ಅದರ ಬಾಡಿ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಡಿಮೆ ಅಗಲ. 6 ಅಡಿ ಎತ್ತರಕ್ಕೆ ಪೇರಿಸಿದರೂ 200 ಘನ ಅಡಿ ದಾಟುವುದು ಕಷ್ಟ, ಹೊರುವ ಭಾರ 750 ಕಿಲೋ ಆಸುಪಾಸು. ಒಂಟಿ ಜನಕ್ಕೆ, ಒಂದು ರೂಮಿನ ಮನೆಗೆ ಒಳ್ಳೆಯ ಗಾಡಿ. ಬೊಲೆರೊ ಪಿಕಪ್‌ನ ದೊಡ್ಡ ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ. ಅದೇ ಎತ್ತರಕ್ಕೆ ಪೇರಿಸಿದರೆ ಅದರಲ್ಲಿ 300. ಫೋರ್ ನಾಟ್ ಸೆವೆನ್, ಅಂದರೆ ಟಾಟಾ 407, ಬಂದದ್ದು 1986ರಲ್ಲಿ. ನಮ್ಮ ಊರಿನಲ್ಲಿ ಆ ಗಾತ್ರದ ಯಾವ ಗಾಡಿ ಬಂದರೂ ಫೋರ್ ನಾಟ್ ಸೆವೆನ್ ಎಂದೇ ಹೇಳುತ್ತಾರೆ. ಆದರೆ ಎಲ್ಲದರ ಬಾಡಿಯೂ ಒಂದೇ ಅಳತೆ ಅಲ್ಲ, 9 ಅಡಿಯದ್ದೂ ಉಂಟು, 10 ಅಡಿಯದ್ದೂ ಉಂಟು. 10 ಅಡಿ ಉದ್ದ, 6 ಅಡಿ ಅಗಲದ್ದಾದರೆ 360 ಹಿಡಿಸುತ್ತದೆ. ಅದರ ಮೇಲೆ 14 ಅಡಿಯ ಲಾರಿ. 500 ಘನ ಅಡಿ ಆರಾಮಾಗಿ.

ಭಾರದ ಚಿಂತೆ ನಮಗೆ ಬರಲಿಲ್ಲ. ಮನೆ ಸಾಮಾನು ಒಂದು ಘನ ಅಡಿಗೆ ಸರಾಸರಿ 3 ಕಿಲೋಗಿಂತ ಸ್ವಲ್ಪ ಜಾಸ್ತಿ ಎಂದು ಸಾಗಾಟದವರು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ನಮ್ಮದು ಒಂದು ಟನ್ನಿಗೆ ಸ್ವಲ್ಪ ಮೇಲೆ. 407 ಅದಕ್ಕಿಂತ ತುಂಬಾ ಜಾಸ್ತಿ ಹೊರುತ್ತದೆ. ಮನೆ ಬದಲಿಸುವಾಗ ಮೊದಲು ಮುಗಿಯುವುದು ಜಾಗ.

451 ಬೇಕು ಎಂದಮೇಲೆ 14 ಅಡಿಯ ಲಾರಿಯೇ ಸರಿ ಎಂದು ನಿಶ್ಚಯ ಮಾಡಿ ಮಾತಾಡಿಯೂ ಆಗಿತ್ತು. ಆದರೆ ಆ ಡ್ರೈವರು ಒಂದು ಒಳ್ಳೆಯ ಮಾತು ಹೇಳಿದರು. "ದಾರಿಯ ವೀಡಿಯೊ ಕಳಿಸಿ ಅಕ್ಕಾ, ಆಮೇಲೆ ಅಡ್ವಾನ್ಸ್ ಕೊಡಿ." ಕಾಪಿಕಾಡಿನ ಒಳದಾರಿ ಮುಖ್ಯರಸ್ತೆಯಿಂದ ಇಳಿದು ಎಡಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಒಂದು ಕಡೆ ಮುರಕಲ್ಲಿನ ಕಂಪೌಂಡು, ಇನ್ನೊಂದು ಕಡೆ ತೋಡು. ಟೇಪು ಹಿಡಿದರೆ 9 ಅಡಿ. 14 ಅಡಿಯ ಲಾರಿ ಎಂದರೆ ಬಾಡಿ ಮಾತ್ರ 14, ಕ್ಯಾಬಿನ್ ಸೇರಿದರೆ ಸುಮಾರು 20 ಅಡಿ. ಅದು ಆ ತಿರುವಿನಲ್ಲಿ ತಿರುಗುವುದಿಲ್ಲ. ಲಾರಿಯನ್ನು ಮುಖ್ಯರಸ್ತೆಯಲ್ಲೇ ನಿಲ್ಲಿಸಬಹುದಿತ್ತು. ಆದರೆ ಮಳೆಯಲ್ಲಿ, ಏರಿನಲ್ಲಿ 120 ಮೀಟರ್ ಕಪಾಟು ಹೊತ್ತು ಹತ್ತಿಸಿ ಎಂದು ಯಾರಿಗೆ ಹೇಳುವುದು? ಹೊರುವವರೂ ಮನುಷ್ಯರು.

ಮಂಗಳೂರಿನಲ್ಲಿ ಇದೊಂದನ್ನು ನೋಡಲೇಬೇಕು. ಕದ್ರಿ, ಬಿಜೈ, ಉರ್ವ, ಜೆಪ್ಪು ಎಲ್ಲಿ ಹೋದರೂ ಒಳಗಿನ ದಾರಿ ಗುಡ್ಡ ಇಳಿಯುತ್ತದೆ, ಹತ್ತುತ್ತದೆ, ತಿರುಗುತ್ತದೆ. ಮೇಲೆ ಕೇಬಲ್ ವಯರು, ಹಲಸಿನ ಗೆಲ್ಲು. ಸಾಮಾನಿಗೆ ಎಷ್ಟು ದೊಡ್ಡದು ಬೇಕು ಎಂಬುದು ಅರ್ಧ ಲೆಕ್ಕ, ದಾರಿ ಎಷ್ಟು ದೊಡ್ಡದನ್ನು ಬಿಡುತ್ತದೆ ಎಂಬುದು ಇನ್ನರ್ಧ.

ಪಿಕಪ್ ಎರಡು ಸಲ ಹೋಗಬಹುದಾ ಎಂದು ಇವರು ಕೇಳಿದರು. ಬಿಜೈಯಿಂದ ಕುಂಜಿಬೆಟ್ಟಿಗೆ ಸುಮಾರು 60 ಕಿಲೋಮೀಟರ್. ಎರಡು ಟ್ರಿಪ್ ಎಂದರೆ ಗಾಡಿ 240 ಕಿಲೋಮೀಟರ್ ಓಡಬೇಕು, ಅದು ವಾಪಸು ಹೋಗುವ ಖರ್ಚೂ ನಮ್ಮದೇ. ಒಂದು ಟ್ರಿಪ್ಪಿಗೆ 3,500 ಕೇಳಿದರು, ಎರಡಕ್ಕೆ 7,000. 10 ಅಡಿಯ 407ಕ್ಕೆ 5,500. ದುಡ್ಡಿನ ಮಾತು ಬಿಟ್ಟರೂ, ಎರಡನೇ ಟ್ರಿಪ್ ಕತ್ತಲಲ್ಲಿ ಮಳೆಯಲ್ಲಿ ಮುಗಿಯುವುದು ನನಗೆ ಬೇಡವಾಗಿತ್ತು.

ಹಾಗಾದರೆ 451ನ್ನು 360ರ ಒಳಗೆ ತರಬೇಕು. ಎರಡು ರಾತ್ರಿ ಕೂತು ಮಾತಾಡಿದೆವು. ಸೋಫಾ ಹಳೆಯದು, ಹೊಸ ಮನೆಯ ಹಾಲ್ ಸಣ್ಣದು. ಅದನ್ನು ಪಕ್ಕದ ಓಣಿಯ ಒಂದು ಮನೆಯವರಿಗೆ ಕೊಟ್ಟೆವು. ಊಟದ ಮೇಜು ಇವರ ತಂಗಿಗೆ. ಕುಂಡಗಳು ನಮ್ಮ ಕಾರಿನಲ್ಲಿ. ಈಗ ಸಾಮಾನು 282, ಸಂದಿನ ಪಾಲು ಸೇರಿಸಿದರೆ 338. ಗ್ಯಾಸ್ ಸಿಲಿಂಡರ್ ಲೆಕ್ಕಕ್ಕೆ ಇರಲೇ ಇಲ್ಲ. ಊರು ಬದಲಾಗುವುದರಿಂದ ಅದನ್ನು ಏಜೆನ್ಸಿಗೇ ಒಪ್ಪಿಸಿ ವೌಚರ್ ತೆಗೆದುಕೊಂಡಿದ್ದೆವು, ಇಲ್ಲಿ ಹೊಸದು ಸಿಗುತ್ತದೆ.

ಅಮ್ಮ ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಕಡೆಯುವ ಕಲ್ಲು. ಮಿಕ್ಸಿ ಬಂದು ಎಷ್ಟೋ ವರ್ಷವಾಯಿತು, ಆದರೂ ಅದು ಬೇಕು. ನಾನು ಒಂದು ಮಾತೂ ಆಡಲಿಲ್ಲ. ಭಾರ ಉಂಟು ನಿಜ, ಜಾಗ ಎರಡು ಘನ ಅಡಿಯೂ ಬೇಡ. ಅಂಥದ್ದಕ್ಕೆ ಯಾಕೆ ಅಮ್ಮನ ಮನಸ್ಸು ನೋಯಿಸುವುದು?

407ರ ಡ್ರೈವರಿಗೆ ಬುಧವಾರವೇ ಸ್ಕೂಟರಿನಲ್ಲಿ ಬಂದು ದಾರಿ ನೋಡಿ ಹೋಗಲು ಹೇಳಿದ್ದೆ. ಅವರು ತಿರುವಿನಲ್ಲಿ ನಿಂತು ಹೆಜ್ಜೆ ಹಾಕಿ ನೋಡಿ, "ರಿವರ್ಸಿನಲ್ಲಿ ತರ್ತೇನೆ, ಬರ್ತದೆ" ಎಂದರು. ಮುಚ್ಚಿದ ಗಾಡಿ ಸಿಕ್ಕಿದ್ದರೆ ಮಳೆಗೆ ಒಳ್ಳೆಯದಿತ್ತು. ಆದರೆ ಅದರ ಪೆಟ್ಟಿಗೆ ಎತ್ತರ, ನಮ್ಮ ಓಣಿಯ ವಯರುಗಳಿಗೆ ತಾಗುತ್ತಿತ್ತು. ಹಾಗಾಗಿ ತೆರೆದ ಬಾಡಿ, ಎರಡು ಟರ್ಪಾಲು. ಒಂದು ಕೆಳಗೆ ಹಾಸಲು, ಒಂದು ಮೇಲೆ ಹೊದಿಸಲು. ಕೆಳಗಿನ ಟರ್ಪಾಲನ್ನು ಜನ ಮರೆಯುತ್ತಾರೆ. ಚಕ್ರ ಎರಚುವ ನೀರು ಹಲಗೆಯ ಸಂದಿನಿಂದಲೂ ಬರುತ್ತದೆ.

ಬೆಳಿಗ್ಗೆ 7ಕ್ಕೆ ಗಾಡಿ ಬಂತು. ಓಣಿ ಇಳಿಜಾರು, ಗಾಡಿಯ ಹಿಂಭಾಗ ದಿಣ್ಣೆಯ ಕಡೆಗೆ ಬರುವಂತೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರು. ಬಾಡಿಯ ನೆಲ ಸಾಮಾನ್ಯವಾಗಿ 3 ಅಡಿ ಎತ್ತರ ಇರುತ್ತದೆ, ಹೀಗೆ ನಿಲ್ಲಿಸಿದರೆ ಎತ್ತಬೇಕಾದದ್ದು ಎಷ್ಟೋ ಕಡಿಮೆಯಾಗುತ್ತದೆ. ಫ್ರಿಜ್ ಎತ್ತಿದವರ ಮುಖ ನೋಡಿದಾಗ ಅದರ ಬೆಲೆ ಗೊತ್ತಾಯಿತು. ಕಪಾಟು, ಫ್ರಿಜ್, ವಾಷಿಂಗ್ ಮೆಷಿನ್ ಕ್ಯಾಬಿನ್ನಿಗೆ ಒರಗಿ ನಿಂತೇ ಹೋದವು. ಕಪಾಟಿನ ಕನ್ನಡಿಗೂ ಫ್ರಿಜ್‌ಗೂ ನಡುವೆ ಹಾಸಿಗೆ. ಮಂಚದ ಹಲಗೆಗಳು ಪಕ್ಕಕ್ಕೆ ಉದ್ದಕ್ಕೆ. ಕಡೆಯುವ ಕಲ್ಲು ನೆಲದಲ್ಲಿ ಮೂಲೆಗೆ, ಗೋಣಿ ಸುತ್ತಿ. ಪುಸ್ತಕದ ಪೆಟ್ಟಿಗೆಗಳು ಕೆಳಗೆ. ಭರಣಿಗಳು ಬಟ್ಟೆಯ ಪೆಟ್ಟಿಗೆಯಲ್ಲಿ. ಕೊನೆಯ ಪೆಟ್ಟಿಗೆ ಏರಿಸಿ ಹಿಂದಿನ ಬಾಗಿಲು ಹಾಕಿದಾಗ ಒಂದು ಗೇಣು ಜಾಗ ಉಳಿದಿತ್ತು. ಮಗ ಓಡಿ ಬಂದು ಕಸ ಗುಡಿಸುವ ಹಿಡಿಸೂಡಿಯನ್ನೂ ಅಲ್ಲಿ ತುರುಕಿದ. ನಾನು ಅಲ್ಲೇ ನಿಂತು ಸ್ವಲ್ಪ ಹೊತ್ತು ಆ ಗಾಡಿಯನ್ನೇ ನೋಡಿದೆ. ಇಷ್ಟು ವರ್ಷದ ಮನೆ, ಹತ್ತು ಅಡಿ ಉದ್ದದ ಜಾಗದಲ್ಲಿ.

ಒಬ್ಬ ಹುಡುಗ ಹಿಂದೆ ಸಾಮಾನಿನ ಜತೆ ಕೂತು ಬರುತ್ತೇನೆ ಎಂದ. ಬೇಡ ಎಂದು ಕಾರಿನಲ್ಲಿ ಕೂರಿಸಿಕೊಂಡೆವು, ಕುಂಡಗಳ ನಡುವೆ. ಹೆದ್ದಾರಿಯಲ್ಲಿ ಮನುಷ್ಯರು ಕೂರುವ ಜಾಗ ಅಲ್ಲ ಅದು.

ಕುಂಟಿಕಾನ, ಕೊಟ್ಟಾರ ಚೌಕಿ, ಕೂಳೂರು ಸೇತುವೆ. ಸುರತ್ಕಲ್ ದಾಟುವಾಗ ಹನಿ, ಮೂಲ್ಕಿಯಲ್ಲಿ ಶಾಂಭವಿಯ ಸೇತುವೆ ಹತ್ತುವಾಗ ಮುಂದಿನ ಗಾಡಿ ಕಾಣದಷ್ಟು ಮಳೆ. ಹೆಜಮಾಡಿ ಟೋಲಿನಲ್ಲಿ ಡ್ರೈವರು ಬದಿಗೆ ನಿಲ್ಲಿಸಿ, ಇಳಿದು, ಸುತ್ತು ಬಂದು ಹಗ್ಗ ಮತ್ತೆ ಬಿಗಿದರು. ಯಾರೂ ಹೇಳಿರಲಿಲ್ಲ. ಅವರಿಗೆ ಮಾತಾಡಿದ್ದಕ್ಕಿಂತ ಐನೂರು ಜಾಸ್ತಿ ಕೊಟ್ಟೆ. ಕೊಡಬೇಕಾದದ್ದೇ.

ಇಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಛಾವಣಿ ತಗ್ಗು, ಗಾಡಿ ಹೊರಗಿನ ಅಂಗಳದಲ್ಲೇ ನಿಂತಿತು. ಕಪಾಟು ಲಿಫ್ಟಿಗೆ ಹಿಡಿಸುವುದಿಲ್ಲ ಎಂದು ಗುರುವಾರವೇ ಅಳೆದು ನೋಡಿದ್ದರಿಂದ ಸುಮ್ನೆ ಪ್ರಯತ್ನ ಮಾಡದೆ ಮೆಟ್ಟಿಲಲ್ಲೇ ಎರಡನೇ ಮಹಡಿಗೆ ತಂದರು. 3 ಗಂಟೆಗೆ ಗಾಡಿ ಖಾಲಿ. ಫ್ರಿಜ್ ನಿಂತೇ ಬಂದಿದೆ, ಆದರೂ ನಾಳೆ ಬೆಳಿಗ್ಗೆ ಆನ್ ಮಾಡುತ್ತೇನೆ.

ಹೊರಡುವಾಗ ಕಾಪಿಕಾಡಿನ ಪಕ್ಕದ ಮನೆಯವರು ಗಾಡಿ ನೋಡಿ, ತಮಗೂ ಇದನ್ನೇ ಹೇಳಿಸಿಕೊಡಿ ಎಂದರು. ಅವರು ಮುಂದಿನ ವಾರ ಮಂಗಳೂರಿನಲ್ಲೇ ಕದ್ರಿ ಕಂಬ್ಳ ಎಂಬ ಜಾಗಕ್ಕೆ ಮನೆ ಬದಲಿಸುವವರು. ಅವರಿಗೆ ಇದು ಬೇಡ. ಎರಡು ಕಿಲೋಮೀಟರ್ ಕೂಡ ಇಲ್ಲದ ದಾರಿಗೆ ಪಿಕಪ್ ಎರಡು ಸಲ ಹೋದರೂ ನಡೆಯುತ್ತದೆ, ಓಣಿಗೂ ಸಲೀಸು. ಆದರೆ ಎರಡು ಟರ್ಪಾಲು ಇರಲಿ ಎಂದು ಹೇಳಿದೆ. ಅಟ್ಟದ ಮೇಲಿನದ್ದನ್ನೂ ಅಳೆಯಿರಿ ಎಂದು ಟೇಪನ್ನು ಅವರ ಕೈಯಲ್ಲೇ ಕೊಟ್ಟು ಬಂದೆ.