ಮೈಸೂರಿನಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಹೇಗಾಯಿತು?

ನನ್ನ ಮಗಳು ಹುಟ್ಟಿದ್ದು 2019ರಲ್ಲಿ, ಮೈಸೂರಿನಲ್ಲಿ. ಅವಳ ಪಾಸ್‌ಪೋರ್ಟ್ ಮಾತ್ರ ಅಮೆರಿಕದ್ದು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಯಾರಾದರೊಬ್ಬರು ಕೇಳುತ್ತಾರೆ: "ಇಲ್ಲೇ ಹುಟ್ಟಿದ್ಲಲ್ವಾ, ಮತ್ತೆ ಪೌರತ್ವ ಯಾವಾಗ ಮಾಡಿಸಿದ್ರಿ?" ಈಚೆಗೆ ಫೋನ್ ಮಾಡಿ ಕೇಳುವವರೂ ಜಾಸ್ತಿ. ಅವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಅಲ್ಲಿಂದ ವಾಪಸ್ ಬಂದವರು, ಮನೆಯಲ್ಲಿ ಯಾರಿಗೋ ದಿನ ತುಂಬಿರುತ್ತದೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು, ನಾವು ಪೌರತ್ವ ಮಾಡಿಸಲಿಲ್ಲ. ಹುಟ್ಟಿದ ಗಳಿಗೆಯಲ್ಲೇ ಅದು ಅವಳಿಗಿತ್ತು. ನಾನೂ ನನ್ನ ಗಂಡನೂ 2016ರಲ್ಲಿ ಅಮೆರಿಕದ ಪ್ರಜೆಗಳಾದೆವು, ಅದಾದ ಮೇಲೆ ಅವಳು ಹುಟ್ಟಿದಳು. ಅಷ್ಟೇ. ಅಲ್ಲಿನ ಸೆನೆಟರ್ ಟೆಡ್ ಕ್ರೂಜ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, 1970ರಲ್ಲಿ. ತಾಯಿ ಅಮೆರಿಕದವರು. ಅವರ ಪೌರತ್ವವೂ ಹೀಗೆ ಬಂದದ್ದೇ.

ನಾವು ಮಾಡಿಸಿದ್ದು ಆ ಪೌರತ್ವಕ್ಕೆ ಕಾಗದ. ಅದರ ಹೆಸರು ಕಾನ್ಸುಲರ್ ರಿಪೋರ್ಟ್ ಆಫ್ ಬರ್ತ್ ಅಬ್ರಾಡ್, ಅಂದರೆ ಅಮೆರಿಕದ ಹೊರಗೆ ಹುಟ್ಟಿದ ಮಗುವಿನ ಜನನ ವರದಿ. ಎಲ್ಲರೂ ಹೇಳುವುದು ಸಿಆರ್‌ಬಿಎ ಎಂದು. ಮಗುವಿಗೆ 18 ತುಂಬುವುದರೊಳಗೆ ಅರ್ಜಿ ಹಾಕಬೇಕು. ಕರ್ನಾಟಕದವರಾದ ನಾವು ಹೋಗಿದ್ದು ಚೆನ್ನೈನಲ್ಲಿರುವ ಅಮೆರಿಕದ ಕಾನ್ಸುಲೇಟಿಗೆ. ಮಗುವನ್ನು ಕರೆದುಕೊಂಡೇ ಹೋಗಬೇಕು. ಎಳೆ ಕೂಸನ್ನು ಬಿಸಿಲಲ್ಲಿ ಚೆನ್ನೈಗೆ ಯಾಕೆ ಅಂತ ನಮ್ಮತ್ತೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೂ ಹೋಗಲೇಬೇಕಿತ್ತು. ಈಗ ಅರ್ಜಿಯ ಶುಲ್ಕ 100 ಡಾಲರ್, ಮಗುವಿನ ಪಾಸ್‌ಪೋರ್ಟಿಗೆ ಬೇರೆ 135 ಡಾಲರ್. ಎರಡನ್ನೂ ಒಂದೇ ದಿನ ಮುಗಿಸಿ. ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಬೇಕು. ಒಬ್ಬರು ಬರಲಾಗದಿದ್ದರೆ ನೋಟರಿ ಮುಂದೆ ಸಹಿ ಮಾಡಿದ ಒಪ್ಪಿಗೆ ಪತ್ರ ಕೊಡಬೇಕು.

ಎಲ್ಲರೂ ಕೇಳುವುದು "ಮಗುವಿನ ಯಾವ ಕಾಗದ ಬೇಕು?" ಎಂದು. ಮಗುವಿನದ್ದು ಒಂದೇ, ಜನನ ಪತ್ರ. ಮಿಕ್ಕಿದ್ದೆಲ್ಲ ನಿಮ್ಮದು. ಆ ಮಗು ಹುಟ್ಟುವ ಮೊದಲು ನೀವು ಎಲ್ಲಿದ್ದಿರಿ, ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಜನನ ಪತ್ರದಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ನಮಗೆ ಊರಿನದ್ದೊಂದು ಇನಿಷಿಯಲ್, ಅಪ್ಪನದ್ದೊಂದು ಇನಿಷಿಯಲ್. ಅಮೆರಿಕಕ್ಕೆ ಹೋದ ಮೇಲೆ ಅದೇ ಇನಿಷಿಯಲ್ ಹಿಗ್ಗಿ ಸರ್‌ನೇಮ್ ಆಗಿರುತ್ತದೆ. ಆಸ್ಪತ್ರೆಯ ಫಾರಂನಲ್ಲಿ ನನ್ನ ಗಂಡ ಅಭ್ಯಾಸಬಲದಿಂದ ಹಳೆಯ ರೀತಿಯಲ್ಲೇ ಬರೆದುಬಿಟ್ಟರು. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಜನನ ಪತ್ರದಲ್ಲಿ ಇನ್ನೊಂದು. ತಿದ್ದಿಸುವುದಕ್ಕೆ ವಾರಗಟ್ಟಲೆ ಓಡಾಡಿದೆವು. ಹೆರಿಗೆಯ ಗಡಿಬಿಡಿಯಲ್ಲೂ ಆ ಫಾರಂ ತುಂಬುವಾಗ ಪಾಸ್‌ಪೋರ್ಟನ್ನು ಎದುರಿಗೇ ಇಟ್ಟುಕೊಳ್ಳಿ.

ಇನ್ನು ಅಪ್ಪ ಅಮ್ಮನ ಲೆಕ್ಕ. ಗಂಡ ಹೆಂಡತಿ ಇಬ್ಬರೂ ಅಮೆರಿಕದ ಪ್ರಜೆಗಳಾಗಿದ್ದರೆ ಸುಲಭ. ಮಗು ಹುಟ್ಟುವ ಮೊದಲು ಇಬ್ಬರಲ್ಲಿ ಒಬ್ಬರಾದರೂ ಅಲ್ಲಿ ಮನೆ ಮಾಡಿ ಬದುಕಿದ್ದರೆ ಸಾಕು, ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ. ಬಾಡಿಗೆ ಕರಾರು, ತೆರಿಗೆಯ ಕಾಗದ, ಓದಿದ ಕಾಲೇಜಿನ ಅಂಕಪಟ್ಟಿ, ಇಂಥವು ನಡೆಯುತ್ತವೆ. ನಮ್ಮದು ಹೀಗೇ ಮುಗಿಯಿತು.

ಒಬ್ಬರು ಮಾತ್ರ ಪ್ರಜೆ, ಇನ್ನೊಬ್ಬರು ಭಾರತದವರು ಅಂದಾಗ ವಿಷಯ ಬೇರೆ. ಪ್ರಜೆಯಾಗಿರುವವರು ಮಗು ಹುಟ್ಟುವ ಮೊದಲು ಒಟ್ಟು 5 ವರ್ಷ ಅಮೆರಿಕದ ನೆಲದಲ್ಲಿ ಇದ್ದಿರಬೇಕು, ಅದರಲ್ಲಿ 2 ವರ್ಷ ಅವರಿಗೆ 14 ತುಂಬಿದ ಮೇಲಿನದ್ದಾಗಿರಬೇಕು. ಒಂದೇ ಸಲಕ್ಕೆ ಇರಬೇಕೆಂದಿಲ್ಲ, ಬಿಡಿಬಿಡಿಯಾಗಿ ಕೂಡಿಸಬಹುದು. ವಿದ್ಯಾರ್ಥಿ ವೀಸಾದಲ್ಲೋ ಎಚ್-1ಬಿ ಎಂಬ ಕೆಲಸದ ವೀಸಾದಲ್ಲೋ ಇದ್ದ ದಿನಗಳನ್ನೂ ಸೇರಿಸಬಹುದು, ಆಮೇಲೆ ಪ್ರಜೆಯಾಗಿದ್ದರೆ ಸಾಕು. ಆದರೆ ರಜಕ್ಕೆ ಊರಿಗೆ ಬಂದ ದಿನಗಳನ್ನೆಲ್ಲ ಕಳೆಯಬೇಕು. ಅಣ್ಣನ ಮದುವೆಗೆ ಬಂದದ್ದು, ಅಜ್ಜಿ ತಿಥಿಗೆ ಬಂದದ್ದು, ಎಲ್ಲವನ್ನೂ.

ನನ್ನ ಚಿಕ್ಕಪ್ಪನ ಮಗ ಹುಟ್ಟಿದ್ದು ನ್ಯೂಜೆರ್ಸಿಯಲ್ಲಿ, 1990ರಲ್ಲಿ. ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಏಳು ವರ್ಷವಾದಾಗ ಚಿಕ್ಕಪ್ಪ ಕುಟುಂಬ ಸಮೇತ ಬೆಂಗಳೂರಿಗೆ ವಾಪಸ್ ಬಂದರು. ಶಾಲೆ, ಇಂಜಿನಿಯರಿಂಗ್ ಎಲ್ಲ ಇಲ್ಲೇ. ಆಮೇಲೆ ಮಾಸ್ಟರ್ಸ್ ಮಾಡಲು ಎರಡು ವರ್ಷ ಅಲ್ಲಿಗೆ ಹೋಗಿ, ಮುಗಿದ ಕೂಡಲೇ ಬಂದುಬಿಟ್ಟ. ಇಲ್ಲಿಯ ಹುಡುಗಿಯನ್ನೇ ಮದುವೆಯಾದ. 2021ರಲ್ಲಿ ಮಗಳು ಹುಟ್ಟಿದಳು. "ಅಕ್ಕ, ನಿಮ್ಮ ಹಾಗೇ ನಾನೂ ಚೆನ್ನೈಗೆ ಹೋಗಿ ಬರ್ತೀನಿ" ಅಂದ. ಹಳೆಯ ಪಾಸ್‌ಪೋರ್ಟ್ ತೆಗೆದು ಸೀಲುಗಳನ್ನು ನೋಡುತ್ತಾ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಚಿಕ್ಕಂದಿನ ಏಳು ವರ್ಷಕ್ಕೆ ತೊಂದರೆಯಿಲ್ಲ. ಆದರೆ ಆ ಎರಡು ವರ್ಷದಲ್ಲಿ ಬೇಸಿಗೆ ರಜಕ್ಕೆ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಊರಿಗೆ ಬಂದಿದ್ದ. ಅದನ್ನು ಕಳೆದರೆ ಉಳಿದದ್ದು ಒಂದು ವರ್ಷ ಒಂಬತ್ತು ತಿಂಗಳು. ಮೂರು ತಿಂಗಳು ಕಡಿಮೆ. ಅವನು ಮತ್ತೆ ಮತ್ತೆ ಎಣಿಸಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಆ ಮಗು ಭಾರತದ ಪ್ರಜೆ. ಇಲ್ಲಿ ಹುಟ್ಟಿದ್ದಾಳೆ, ತಾಯಿ ಭಾರತೀಯಳು, ಅದರಲ್ಲಿ ಅನುಮಾನವಿಲ್ಲ. ನನ್ನ ಮಗಳದ್ದು ಇದಕ್ಕೆ ಉಲ್ಟಾ. ಹುಟ್ಟಿದ್ದು ಇಲ್ಲಾದರೂ ಅವಳು ಭಾರತದ ಪ್ರಜೆಯಲ್ಲ. 2004ರ ಡಿಸೆಂಬರ್ 3ರಿಂದ ಈಚೆಗೆ ಇಲ್ಲಿ ಹುಟ್ಟಿದವರಿಗೆ, ಅಪ್ಪ ಅಮ್ಮನಲ್ಲಿ ಒಬ್ಬರೂ ಭಾರತೀಯರಾಗಿರದಿದ್ದರೆ ಇಲ್ಲಿಯ ಪೌರತ್ವ ಸಿಗುವುದಿಲ್ಲ. ನಮ್ಮ ಬಳಿ ಇದ್ದದ್ದು ಓಸಿಐ ಕಾರ್ಡ್, ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವಂಥದ್ದು. ಅದು ಪೌರತ್ವವಲ್ಲ. ಅಂದರೆ ನಮ್ಮ ಮನೆಯ ತೊಟ್ಟಿಲಲ್ಲಿ ಮಲಗಿದ್ದ ಕೂಸಿಗೆ ಈ ದೇಶದ ವೀಸಾ ಇಲ್ಲ, ಹೊರಗೆ ಹೋಗಬೇಕಾದರೆ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಿಂದ ಅನುಮತಿ ಬೇಕು. ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಟಿಕೆಟ್ ಬುಕ್ ಮಾಡುವವರು ಇದನ್ನು ಮರೆಯುತ್ತಾರೆ. "ಇರಲಿ ಬಿಡಿ, ಇಂಡಿಯನ್ ಪಾಸ್‌ಪೋರ್ಟ್ ಕೂಡ ಒಂದು ಮಾಡಿಸಿಬಿಡಿ" ಎಂದು ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಅವಳಿಗಿಲ್ಲದ ಪೌರತ್ವವನ್ನು ಇದೆ ಎಂದು ಬರೆದು ಸಹಿ ಹಾಕಿದ ಹಾಗೆ.

ಇಬ್ಬರಿಗೂ ಬರೀ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿ) ಇದ್ದರೆ ಏನು ಅಂತಲೂ ಕೇಳುತ್ತಾರೆ. ಆಗ ಸಿಆರ್‌ಬಿಎ ಇಲ್ಲ. ಮಗು ಹುಟ್ಟುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು, ಆಮೇಲೆ ಆದರೆ ಹಿಂದಕ್ಕೆ ಹೋಗಿ ಸೇರುವುದಿಲ್ಲ.

ಚಿಕ್ಕಪ್ಪನ ಮಗನ ಆ ಕೂಸಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. 2001ರ ಫೆಬ್ರವರಿಯಿಂದ ಜಾರಿಯಲ್ಲಿರುವ ಇನ್ನೊಂದು ಕಾನೂನಿದೆ. 18 ತುಂಬುವುದರೊಳಗೆ ಮಗು ವಲಸೆ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ಗ್ರೀನ್ ಕಾರ್ಡ್ ಪಡೆದು, ಪ್ರಜೆಯಾಗಿರುವ ಅಪ್ಪನ ಜೊತೆ ಅವನ ಆರೈಕೆಯಲ್ಲಿ ಅಲ್ಲೇ ನೆಲೆಸಿದರೆ ತಾನಾಗಿಯೇ ಪ್ರಜೆಯಾಗುತ್ತದೆ. ಅದಕ್ಕೆ ಅಪ್ಪನ ಐದು ವರ್ಷದ ಲೆಕ್ಕ ಕೇಳುವುದಿಲ್ಲ. ಹೆಂಡತಿಗೂ ಮಗಳಿಗೂ ಅರ್ಜಿ ಹಾಕಿದ್ದಾನೆ. ಹೋದ ತಿಂಗಳು ಅವನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಅಟ್ಟದಿಂದ ಇಳಿಸಿಕೊಟ್ಟ ಟ್ರಂಕಿನಲ್ಲಿ ನ್ಯೂಜೆರ್ಸಿಯ ಲಸಿಕೆ ಕಾರ್ಡು, ಒಂದನೇ ಕ್ಲಾಸಿನ ರಿಪೋರ್ಟ್ ಕಾರ್ಡು ಎಲ್ಲ ಸಿಕ್ಕಿದ್ದವು. ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಫೈಲ್ ಮಾಡುತ್ತಾ ಕೂತಿದ್ದ. ಇವಿನ್ನು ಬೇಕಾಗಲ್ವಲ್ಲೋ ಅಂದೆ. "ಇಟ್ಟಿರ್ತೀನಿ ಅಕ್ಕ, ಎರಡನೇದು ಹುಟ್ಟೋ ಹೊತ್ತಿಗೆ ಆ ಮೂರು ತಿಂಗಳು ತುಂಬಿರುತ್ತೆ" ಅಂದ.